ತಾನೇ ದುಡಿಯಬೇಕಾದ ಹಾಡಿನ ಚಿತ್ರ: ಮ್ಯೂಸಿಕ್ ವಿಡಿಯೊ ನಡೆದು ಬಂದ ದಾರಿ

ನಮಸ್ಕಾರ. ಮ್ಯೂಸಿಕ್ ವಿಡಿಯೊದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1981ರ ಆಗಸ್ಟ್ 1ರಿಂದ, ಅಂದರೆ ಅಮೆರಿಕದಲ್ಲಿ ಎಂಟಿವಿ ವಾಹಿನಿ ಆರಂಭವಾದ ದಿನದಿಂದ, ಮಾತು ಶುರುಮಾಡುತ್ತಾರೆ. ಆ ದಿನಕ್ಕೆ ಸಲ್ಲಬೇಕಾದ ಮಹತ್ವ ಸಲ್ಲಲೇಬೇಕು. ಆದರೆ ಅಲ್ಲಿಂದ ಕಥೆ ಹಿಡಿದರೆ, ಈ ಕಲೆಯ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆಯೇ ಕೈತಪ್ಪುತ್ತದೆ. ವಿಡಿಯೊಗೆ ದುಡ್ಡು ಹಾಕುತ್ತಿದ್ದವರು ಯಾರು, ಅದರಿಂದ ಅವರಿಗೆ ಬೇಕಾಗಿದ್ದುದೇನು? ಮ್ಯೂಸಿಕ್ ವಿಡಿಯೊ ತಾನಾಗಿ ಒಂದು ಕಾಸನ್ನೂ ಗಳಿಸಬೇಕಾಗಿರದಿದ್ದ ಕಾಲದಲ್ಲೇ ಅದು ಅತ್ಯಂತ ಸ್ವತಂತ್ರವಾಗಿತ್ತು. ಗಳಿಕೆಯ ಹೊಣೆ ಅದರ ಹೆಗಲಿಗೆ ಬಿದ್ದಾಗಲೆಲ್ಲ ಅದು ಒಂದೇ ಅಚ್ಚಿಗೆ ಒಗ್ಗಿಕೊಂಡಿದೆ. ಇದು ನನ್ನ ವಾದ.

ಹಾಡನ್ನು ಮಾರಲು ಚಿತ್ರವನ್ನು ಬಳಸುವ ಆಲೋಚನೆ ಸಿನಿಮಾಕ್ಕಿಂತಲೂ ಹಳೆಯದು. 1894ರಲ್ಲಿ ನ್ಯೂಯಾರ್ಕ್‌ನ ಸಂಗೀತ ಪ್ರಕಾಶಕರಾದ ಎಡ್ವರ್ಡ್ ಮಾರ್ಕ್ಸ್ ಮತ್ತು ಜೋಸೆಫ್ ಸ್ಟರ್ನ್ ‘ದ ಲಿಟಲ್ ಲಾಸ್ಟ್ ಚೈಲ್ಡ್’ ಎಂಬ ತಮ್ಮ ಹಾಡಿನ ಕಥೆಗೆ ತಕ್ಕ ಸ್ಥಿರಚಿತ್ರಗಳನ್ನು ಸಿದ್ಧಪಡಿಸಿ, ಗಾಯಕರು ಹಾಡುತ್ತಿರುವಾಗ ಅವುಗಳನ್ನು ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪಯಂತ್ರದ ಮೂಲಕ ತೆರೆಯ ಮೇಲೆ ಮೂಡಿಸುವ ಏರ್ಪಾಡು ಮಾಡಿದರು. ಜನ ಮನಸೋತು ಹಾಡಿನ ಮುದ್ರಿತ ಪ್ರತಿಯನ್ನು ಕೊಳ್ಳಬೇಕೆಂಬುದು ಅದರ ಉದ್ದೇಶವಾಗಿತ್ತು.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 1940ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಪ್ಯಾನೊರಾಮ್ ಎಂಬ ಯಂತ್ರ. ಬಾರು, ಹೋಟೆಲುಗಳಲ್ಲಿ ನಿಲ್ಲಿಸುತ್ತಿದ್ದ ಆ ಮರದ ಪೆಟ್ಟಿಗೆಯ ಒಳಗೆ ಒಂದು ಪ್ರೊಜೆಕ್ಟರ್, ಕೆಲವು ಕನ್ನಡಿಗಳು, ಮೇಲ್ಭಾಗದಲ್ಲಿ ಒಂದು ಪುಟ್ಟ ತೆರೆ ಇರುತ್ತಿದ್ದವು. 10 ಸೆಂಟಿನ ನಾಣ್ಯ ಹಾಕಿದರೆ ಸುಮಾರು 3 ನಿಮಿಷದ ಒಂದು ಹಾಡಿನ ಚಿತ್ರ ಓಡುತ್ತಿತ್ತು. ಎಂಟು ಚಿತ್ರಗಳನ್ನು ಒಂದೇ ಸುರುಳಿಯಲ್ಲಿ ಜೋಡಿಸಿರುತ್ತಿದ್ದುದರಿಂದ ನೋಡುಗನಿಗೆ ಆಯ್ಕೆಯ ಅವಕಾಶವಿರಲಿಲ್ಲ. ಸರದಿಯಲ್ಲಿ ಮುಂದಿನದು ಯಾವುದೋ ಅದನ್ನೇ ನೋಡಬೇಕಿತ್ತು. ‘ಸೌಂಡೀಸ್’ ಎಂದು ಕರೆಯಲಾಗುತ್ತಿದ್ದ ಇಂಥ ಚಿತ್ರಗಳು ಕೆಲವೇ ವರ್ಷಗಳಲ್ಲಿ 1,800ಕ್ಕೂ ಹೆಚ್ಚು ತಯಾರಾದವು. ಹಾಲಿವುಡ್ ಅಂಚಿಗೆ ತಳ್ಳಿದ್ದ ಕಪ್ಪು ಸಂಗೀತಗಾರರಾದ ಡ್ಯೂಕ್ ಎಲಿಂಗ್ಟನ್, ಫ್ಯಾಟ್ಸ್ ವಾಲರ್, ಲೂಯಿ ಜೋರ್ಡನ್ ಮೊದಲಾದವರು ತಮ್ಮ ಏರುಕಾಲದಲ್ಲಿ ಹಾಡುತ್ತ, ನುಡಿಸುತ್ತ ಇರುವುದನ್ನು ಇಂದು ನಾವು ನೋಡಲು ಸಾಧ್ಯವಾಗಿರುವುದರಲ್ಲಿ ಈ ಚಿತ್ರಗಳ ಪಾಲು ದೊಡ್ಡದು. ಆ ಋಣವನ್ನು ಸಂಗೀತ ಪ್ರೀತಿಸುವ ಯಾರೂ ಮರೆಯಬಾರದು. ಆದರೂ ಅವುಗಳನ್ನು ಸಾಲಾಗಿ ನೋಡುತ್ತ ಹೋದರೆ ಒಂದೇ ಬಗೆಯ ವೇದಿಕೆ, ನಗುಮುಖದ ವಾದ್ಯಗಾರರು, ಪಕ್ಕದಲ್ಲಿ ಕುಣಿಯುವ ಹುಡುಗಿಯರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಾರೆ. ಬಾರಿನಲ್ಲಿ ಕುಳಿತವನ ಜೇಬಿನಿಂದ ಇನ್ನೊಂದು ನಾಣ್ಯ ಹೊರಬರಬೇಕಾದರೆ ಯಾವುದು ಖಚಿತವಾಗಿ ಫಲಿಸುತ್ತದೆಯೋ ಅದನ್ನೇ ಮಾಡಬೇಕಿತ್ತು. 1960ರಲ್ಲಿ ಫ್ರಾನ್ಸಿನಲ್ಲಿ ಬಂದ ಸ್ಕೋಪಿಟೋನ್ ಯಂತ್ರದಲ್ಲಿ ಬಣ್ಣ ಬಂತು, ಆಯ್ಕೆಯೂ ಬಂತು. ಸೂತ್ರ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಬದಲಾವಣೆ ತಂದದ್ದು ದೂರದರ್ಶನ, ಅದೂ ಒಂದು ಅನಿವಾರ್ಯತೆಯ ಕಾರಣದಿಂದ. ಪ್ರತಿ ದೇಶದ ಪ್ರತಿ ಕಾರ್ಯಕ್ರಮಕ್ಕೂ ಖುದ್ದಾಗಿ ಹೋಗಿ ಹಾಡುವುದು ಅಸಾಧ್ಯವೆನಿಸಿದಾಗ ಬೀಟಲ್ಸ್ ತಂಡ 1966ರಲ್ಲಿ ಲಂಡನ್ನಿನ ಚಿಸ್ವಿಕ್ ಹೌಸ್ ಉದ್ಯಾನದಲ್ಲಿ ಚಿತ್ರೀಕರಿಸಿದ ಹಾಡುಗಳನ್ನು ತನ್ನ ಬದಲಿಗೆ ವಾಹಿನಿಗಳಿಗೆ ಕಳುಹಿಸಿತು. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸೊಡಿ’ಯ ವಿಡಿಯೊವನ್ನು ಬ್ರೂಸ್ ಗವರ್ಸ್ ಕೆಲವೇ ಗಂಟೆಗಳಲ್ಲಿ ಚಿತ್ರೀಕರಿಸಿದ್ದರ ಹಿಂದೆಯೂ ಇಂಥದೇ ಕಾರಣವಿತ್ತು. ತಂಡ ಪ್ರವಾಸದಲ್ಲಿತ್ತು, ಹಾಡಿನ ನಡುವಿನ ಒಪೆರಾ ಭಾಗಕ್ಕೆ ಸ್ಟುಡಿಯೊದಲ್ಲಿ ನಿಂತು ತುಟಿ ಆಡಿಸುವುದು ಹಾಸ್ಯಾಸ್ಪದವಾಗುತ್ತಿತ್ತು. ಒಂದೇ ಮುಖ ಹಲವಾಗಿ ಕಾಣಲು ಕ್ಯಾಮೆರಾದ ಮುಂದೆ ಪಟ್ಟಕದ ಮಸೂರವನ್ನಿಟ್ಟರು. ಮುಖದ ಪ್ರತಿಬಿಂಬ ಸಾಲುಸಾಲಾಗಿ ದೂರ ಸರಿಯುತ್ತ ಹೋಗುವ ಹಾಗೆ ಕಾಣಲು ಕ್ಯಾಮೆರಾವನ್ನು ಅದರದೇ ಚಿತ್ರ ಮೂಡುತ್ತಿದ್ದ ಪರದೆಯ ಕಡೆಗೆ ತಿರುಗಿಸಿದರು. ಆ ವಿಡಿಯೊ ಯಾರಿಂದಲೂ ನಾಣ್ಯ ಕೇಳಲಿಲ್ಲ. ಹಾಡನ್ನು ಹೊತ್ತು ಮನೆಮನೆಗೆ ತಲುಪಿಸಿದರೆ ಅದರ ಕೆಲಸ ಮುಗಿಯಿತು.

ಎಂಟಿವಿಯ ವ್ಯವಹಾರ ನಿಂತದ್ದು ಈ ತಳಹದಿಯ ಮೇಲೆಯೇ. ದಿನದ 24 ಗಂಟೆಯೂ ವಿಡಿಯೊಗಳನ್ನೇ ತೋರಿಸಬೇಕಿದ್ದ ವಾಹಿನಿಗೆ ರೆಕಾರ್ಡ್ ಕಂಪನಿಗಳು ಆರಂಭದಲ್ಲಿ ಅವುಗಳನ್ನು ಉಚಿತವಾಗಿಯೇ ಕೊಟ್ಟವು, ಏಕೆಂದರೆ ಅವುಗಳ ಕಣ್ಣಿಗೆ ವಿಡಿಯೊ ಒಂದು ಜಾಹೀರಾತಾಗಿತ್ತು. ಜಾಹೀರಾತೆಂಬ ಈ ಕೀಳು ದರ್ಜೆಯೇ ನಿರ್ದೇಶಕರಿಗೆ ವರವಾಯಿತೆಂದು ನಾನು ನಂಬುತ್ತೇನೆ. ಟಿಕೆಟ್ ಮಾರಾಟದ ಚಿಂತೆಯಿಲ್ಲ, ಕಥೆಗೆ ಆದಿ ಅಂತ್ಯಗಳಿರಬೇಕೆಂಬ ಕಟ್ಟಳೆಯಿಲ್ಲ, ಹಾಡು ಎಷ್ಟು ಉದ್ದವೋ ಅಷ್ಟೇ ಅವಧಿ.

ಈ ಸ್ವಾತಂತ್ರ್ಯ ಕೊಟ್ಟ ಫಲಕ್ಕೆ 1985ರಲ್ಲಿ ನಾರ್ವೆಯ ಆ-ಹಾ ತಂಡದ ‘ಟೇಕ್ ಆನ್ ಮಿ’ ಹಾಡಿಗೆ ಬಂದ ವಿಡಿಯೊ ಒಳ್ಳೆಯ ನಿದರ್ಶನ. ಅದೇ ಹಾಡಿಗೆ ಮೊದಲು ಮಾಡಿದ್ದ ಸಾಧಾರಣ ವಿಡಿಯೊ ಯಾರ ಗಮನವನ್ನೂ ಸೆಳೆದಿರಲಿಲ್ಲ. ಎರಡನೆಯ ಬಾರಿ ಸ್ಟೀವ್ ಬ್ಯಾರನ್ ನಿರ್ದೇಶನದಲ್ಲಿ ನಿಜವಾದ ನಟರನ್ನೇ ಚಿತ್ರೀಕರಿಸಿ, ಬಳಿಕ ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಎಂಬ ಕಲಾವಿದರು ಆ ದೃಶ್ಯಗಳ ಸುಮಾರು 3,000 ಚೌಕಟ್ಟುಗಳನ್ನು 16 ವಾರ ಕುಳಿತು ಪೆನ್ಸಿಲಿನಲ್ಲಿ ಒಂದೊಂದಾಗಿ ಬರೆದರು. ಪ್ರತಿ ಚೌಕಟ್ಟಿನಲ್ಲೂ ಗೆರೆ ಕೂದಲೆಳೆಯಷ್ಟು ಬೇರೆಯಾಗುವುದರಿಂದಲೇ ಆ ಮುಖಗಳು ಸದಾ ನಡುಗುತ್ತಿರುವಂತೆ ಕಾಣುತ್ತವೆ; ಹಾಡಿನ ಆತುರವೆಲ್ಲ ಆ ನಡುಕದಲ್ಲಿದೆ. ಮರುವರ್ಷ ಬಂದ ಪೀಟರ್ ಗೇಬ್ರಿಯಲ್ ಅವರ ‘ಸ್ಲೆಜ್‌ಹ್ಯಾಮರ್’ ವಿಡಿಯೊದಲ್ಲಿ ಗಾಯಕ ಸ್ವತಃ ಗಾಜಿನ ಹಾಳೆಯೊಂದರ ಕೆಳಗೆ 16 ಗಂಟೆ ಮಲಗಿದ್ದರು. ಮೇಲಿನ ವಸ್ತುಗಳನ್ನು ತುಸುವೇ ಸರಿಸುವುದು, ಒಂದು ಚೌಕಟ್ಟು ತೆಗೆಯುವುದು, ಮತ್ತೆ ಸರಿಸುವುದು, ಹೀಗೆಯೇ ಕೆಲಸ ಸಾಗಿತು. ಮೂರು ನಾಲ್ಕು ನಿಮಿಷದ ಜಾಹೀರಾತಿಗೆ ಇಷ್ಟು ತಾಳ್ಮೆಯನ್ನು ಧಾರೆಯೆರೆಯುವ ಹುಚ್ಚು ಬೇರೆ ಯಾವ ಕ್ಷೇತ್ರದಲ್ಲಿತ್ತು?

ಆ ಕಾಲವನ್ನು ಸುವರ್ಣಯುಗವೆಂದು ಕರೆಯಲು ಮಾತ್ರ ನಾನು ಸಿದ್ಧನಿಲ್ಲ. ಬಾಗಿಲು ಒಂದೇ ಇದ್ದುದರಿಂದ ಬಾಗಿಲು ಕಾಯುವವರ ಪೂರ್ವಗ್ರಹವೇ ಕಾನೂನಾಯಿತು. ಆರಂಭದ ವರ್ಷಗಳಲ್ಲಿ ಎಂಟಿವಿ ಕಪ್ಪು ಕಲಾವಿದರ ವಿಡಿಯೊಗಳನ್ನು ತೋರಿಸುತ್ತಿದ್ದುದು ತೀರಾ ವಿರಳ. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಕುಳಿತು ಇದೇಕೆ ಹೀಗೆಂದು ನೇರವಾಗಿ ಪ್ರಶ್ನಿಸಿದರು. ಮೈಕೆಲ್ ಜಾಕ್ಸನ್ ಅವರ ಜನಪ್ರಿಯತೆ ಆ ಬಾಗಿಲನ್ನು ತೆರೆಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ, ಜಾನ್ ಲ್ಯಾಂಡಿಸ್ ನಿರ್ದೇಶನದ, ಸುಮಾರು 14 ನಿಮಿಷಗಳ ‘ಥ್ರಿಲ್ಲರ್’ಗೆ ಹಣ ಹೊಂದಿಸಲು ಅದರ ತಯಾರಿಕೆಯ ಕಥೆಯನ್ನೇ ಒಂದು ಸಾಕ್ಷ್ಯಚಿತ್ರವನ್ನಾಗಿ ಮಾಡಿ ಮಾರಬೇಕಾಯಿತು. 2009ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿದ ಮೊದಲ ಮ್ಯೂಸಿಕ್ ವಿಡಿಯೊ ಆಯಿತು. ನಿರ್ದೇಶಕರ ಹೆಸರಿನ ವಿಷಯದಲ್ಲೂ ಅನ್ಯಾಯವಿತ್ತು: ಹಾಡಿನ ವಿವರದ ಜೊತೆಗೆ ನಿರ್ದೇಶಕರ ಹೆಸರನ್ನು ಎಂಟಿವಿ ತೋರಿಸತೊಡಗಿದ್ದು 1992ರ ಕೊನೆಯಲ್ಲಿ. ಸ್ಪೈಕ್ ಜೋನ್ಸ್, ಮಿಶೆಲ್ ಗೊಂಡ್ರಿ, ಹೈಪ್ ವಿಲಿಯಮ್ಸ್ ಮುಂತಾದವರನ್ನು ವೀಕ್ಷಕರು ಹೆಸರು ಹಿಡಿದು ಹುಡುಕುವಂತಾಗಲು ಆ ಒಂದು ಸಾಲು ಸಾಕಾಯಿತು.

ಯೂಟ್ಯೂಬ್ 2005ರಲ್ಲಿ ಬಂದು ಬಾಗಿಲನ್ನೇ ಕಿತ್ತುಹಾಕಿತು. ಮರುವರ್ಷ ಓಕೆ ಗೋ ತಂಡದ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದು, ಕತ್ತರಿಯಿಲ್ಲದ ಒಂದೇ ಓಟದಲ್ಲಿ ಹಾಡನ್ನು ಮುಗಿಸಿ ಜಗತ್ತಿನ ಗಮನ ಸೆಳೆದರು. ಅತಿ ಕಡಿಮೆ ಸಲಕರಣೆಯಲ್ಲಿ ಯಾರು ಬೇಕಾದರೂ ವಿಡಿಯೊ ಮಾಡಬಹುದೆಂಬ ಈ ಲಾಭ ದೊಡ್ಡದು. ನನ್ನ ವಾದಕ್ಕೆ ಯಾರಾದರೂ ಎದುರು ಹೇಳುವುದಾದರೆ ಇದನ್ನೇ ಹೇಳಬೇಕು. ಆದರೆ ಮುಂದೆ ಅದೇ ತಂಡಕ್ಕೆ ಏನಾಯಿತೆಂದು ನೋಡಿ. ಯೂಟ್ಯೂಬಿನಲ್ಲಿ ಆದ ವೀಕ್ಷಣೆಗೆ ರೆಕಾರ್ಡ್ ಕಂಪನಿಗೆ ಹಣ ಸಂದಾಯವಾಗುತ್ತಿತ್ತು, ಬೇರೆ ತಾಣಗಳಲ್ಲಿ ಅಳವಡಿಸಿ ನೋಡಿದ್ದಕ್ಕೆ ಸಂದಾಯವಿರಲಿಲ್ಲ. ಹೀಗಾಗಿ ಕಂಪನಿ ಆ ಅಳವಡಿಕೆಯನ್ನೇ ನಿಷೇಧಿಸಿತು. ನಿಷೇಧವಾದದ್ದೇ ತಡ, ವೀಕ್ಷಣೆ ಕುಸಿಯಿತೆಂದು ತಂಡದ ಗಾಯಕ ಡೇಮಿಯನ್ ಕುಲಾಶ್ 2010ರಲ್ಲಿ ಬಹಿರಂಗವಾಗಿ ಬರೆದರು; ಅದೇ ವರ್ಷ ತಂಡ ಆ ಕಂಪನಿಯಿಂದ ಹೊರನಡೆಯಿತು. ಹಾಡನ್ನು ಹರಡಲೆಂದು ಹುಟ್ಟಿದ ವಿಡಿಯೊವನ್ನು, ಅದು ಗಳಿಸಬೇಕೆಂಬ ಕಾರಣಕ್ಕಾಗಿ, ಹರಡದಂತೆ ಕಟ್ಟಿಹಾಕಿದ ಗಳಿಗೆ ಅದು.

ಬಳಿಕ ಎಣಿಕೆಯೇ ಮೌಲ್ಯವಾಯಿತು. 2012ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಗಾಯಕ ಸೈ ಅವರ ‘ಗ್ಯಾಂಗ್ನಮ್ ಸ್ಟೈಲ್’ 100 ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೊ ಆಯಿತು. 2013ರ ಫೆಬ್ರುವರಿಯಿಂದ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ತನ್ನ ಮುಖ್ಯ ಹಾಡುಪಟ್ಟಿಗೆ ಯೂಟ್ಯೂಬ್ ವೀಕ್ಷಣೆಯನ್ನೂ ಲೆಕ್ಕ ಹಿಡಿಯಿತು. ಪ್ಯಾನೊರಾಮ್‌ನ ನಾಣ್ಯ ಹೀಗೆ ಬೇರೆ ರೂಪದಲ್ಲಿ ಮರಳಿತು, ಜೊತೆಗೆ ಅಂದಿನ ಅಂಜಿಕೆಯೂ. ಮೊದಲ ಕೆಲವು ಸೆಕೆಂಡುಗಳಲ್ಲೇ ಕಣ್ಣು ಸೆಳೆಯುವ ಆರಂಭ, ಅನುಕರಿಸಲು ಸುಲಭವಾದ ನಾಲ್ಕು ಹೆಜ್ಜೆ, ಫೋನಿನ ಉದ್ದ ತೆರೆಗೆ ಕತ್ತರಿಸಿದ ತುಣುಕು: ಇಂದು ನಿರ್ದೇಶಕನಿಗೆ ಮೊದಲೇ ಒಪ್ಪಿಸುವ ಪಟ್ಟಿ ಇದು. ಬಿಯಾನ್ಸೆಯವರ ‘ಲೆಮನೇಡ್’, ಚೈಲ್ಡಿಶ್ ಗ್ಯಾಂಬಿನೊ ಹಾಡಿ ಹಿರೊ ಮುರಾಯಿ ನಿರ್ದೇಶಿಸಿದ ‘ದಿಸ್ ಈಸ್ ಅಮೆರಿಕ’ದಂಥ ಕೃತಿಗಳು ಈ ಕಾಲದಲ್ಲೂ ಬಂದಿವೆ, ನಿಜ, ಆದರೆ ಆ ಪಟ್ಟಿಯನ್ನು ಪಕ್ಕಕ್ಕೆ ಸರಿಸುವ ಬಲ ಅಂಥ ಹೆಸರಾಂತ ಕಲಾವಿದರಿಗಿದೆ, ಮೊದಲ ಹಾಡು ಬಿಡುಗಡೆ ಮಾಡುವ ಯುವಕ ಯುವತಿಯರಿಗಿಲ್ಲ.

ಆದ್ದರಿಂದ ರೆಕಾರ್ಡ್ ಕಂಪನಿಗಳ ಮುಂದೆ ನನ್ನ ಬೇಡಿಕೆ ಎರಡು. ಪ್ರತಿ ಹೊಸ ಆಲ್ಬಮ್ಮಿನಲ್ಲಿ ಒಂದು ಹಾಡಿನ ವಿಡಿಯೊವನ್ನಾದರೂ ವೀಕ್ಷಣೆಯ ಗುರಿ ಕಟ್ಟದೆ ನಿರ್ದೇಶಕರ ಕೈಗೊಪ್ಪಿಸಬೇಕು, ಅದರ ಖರ್ಚನ್ನು ಹಿಂದಿನಂತೆ ಪ್ರಚಾರದ ಲೆಕ್ಕಕ್ಕೆ ಬರೆಯಬೇಕು. ಎರಡನೆಯದಾಗಿ, ವಿಡಿಯೊ ಗಳಿಸುವ ಹಣದಲ್ಲಿ ನಿರ್ದೇಶಕರಿಗೂ ಒಂದು ಪಾಲು ಸಲ್ಲಬೇಕು, ಅವರ ಹೆಸರು ವಿವರಣೆಯ ತಳದಲ್ಲಿ ಮಡಚಿಟ್ಟ ಸಾಲಿನಲ್ಲಲ್ಲ, ಗಾಯಕರ ಹೆಸರಿನ ಪಕ್ಕದಲ್ಲಿ, ತೆರೆಯ ಮೇಲೆಯೇ ಕಾಣಿಸಬೇಕು.