ಚೆಂಡೆಯ ಪೆಟ್ಟು, ಭಾಗವತರ ದನಿ

ಕೇಳುಗರೇ, ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನಡೆಯುವ ಯಕ್ಷಗಾನವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಹುಡುಗರು ಈಗ ಜಾಸ್ತಿ. ಮಿಕ್ಸಿಂಗ್ ಮಾಡುವವನೆಂದು ನನ್ನನ್ನು ಹಿಡಿದುಕೊಂಡು ಅವರು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಅಣ್ಣಾ, ಸೌಂಡ್ ಮೀಟರ್ ಕೆಂಪು ಮುಟ್ತದೆ, ಆದ್ರೂ ನಮ್ಮದು ಸಣ್ಣಕ್ಕೆ ಕೇಳ್ತದಲ್ಲ, ಯಾಕೆ?"

ಚೆಂಡೆಯನ್ನೇ ನೋಡಿ. ಕೋಲು ಬಿದ್ದ ಕೂಡಲೇ ಮೀಟರ್ ತುದಿಗೆ ಹಾರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ನಮ್ಮ ಕಿವಿ ಆ ಚೂಪು ತುದಿಗೆ ಅಷ್ಟು ಬೆಲೆ ಕೊಡುವುದಿಲ್ಲ. ಸ್ವಲ್ಪ ಹೊತ್ತಿನ ಸದ್ದನ್ನೆಲ್ಲ ಕೂಡಿಸಿ ಜೋರೋ ಮೆಲ್ಲಗೋ ಎಂದು ತೀರ್ಮಾನಿಸುತ್ತದೆ. ಮೀಟರಿನಲ್ಲಿ ಅರ್ಧಕ್ಕೂ ಏರದ ಶ್ರುತಿಪೆಟ್ಟಿಗೆ ಕೋಣೆ ತುಂಬ ಕೇಳುವುದು ಇದೇ ಕಾರಣಕ್ಕೆ. ಹೀಗೆ ಕಿವಿಗೆ ಹತ್ತಿರವಾದ ಅಳತೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಗೊತ್ತು ಮಾಡಿತು. ಎಲ್‌ಯುಎಫ್‌ಎಸ್ ಅನ್ನುವ ಮಾನ ಅದರ ಲೆಕ್ಕವೇ; ಅಂಕೆ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು.

ಹಾಗಾದರೆ ತುದಿ ತಗ್ಗಿಸಿ ಒಟ್ಟು ಸದ್ದನ್ನು ಏರಿಸೋಣ ಎಂದು, ಗಡಿ ದಾಟಿದ ಸದ್ದನ್ನು ಅದುಮುವ ಕಂಪ್ರೆಸರ್ ಹಾಕುತ್ತೇವೆ. ಥ್ರೆಶೋಲ್ಡ್, ಅಂದರೆ ಅದುಮಲು ಶುರುಮಾಡುವ ಗಡಿ, ಮೈನಸ್ 18 ಡೆಸಿಬಲ್ (ಮೀಟರಿನ ತುದಿಯೇ ಸೊನ್ನೆ); ರೇಶಿಯೋ, ಅಂದರೆ ಗಡಿ ದಾಟಿದ್ದನ್ನು ಎಷ್ಟಕ್ಕೆ ಇಳಿಸಬೇಕೆಂಬ ಪ್ರಮಾಣ, 4ಕ್ಕೆ 1 ಅಂತಿಟ್ಟುಕೊಳ್ಳಿ. ಮೈನಸ್ 6ಕ್ಕೆ ಏರುವ ಪೆಟ್ಟು ಗಡಿಗಿಂತ 12 ಡೆಸಿಬಲ್ ಮೇಲಿದೆ. ಆ 12 ಈಗ 3ಕ್ಕೆ ಇಳಿದು, ಪೆಟ್ಟು ಮೈನಸ್ 15ರಲ್ಲಿ ನಿಲ್ಲುತ್ತದೆ. ಅಟ್ಯಾಕ್, ಅಂದರೆ ಅದುಮಲು ಕಂಪ್ರೆಸರ್ ತೆಗೆದುಕೊಳ್ಳುವ ಹೊತ್ತು, ತೀರಾ ಕಡಿಮೆಯಿದ್ದರೆ ಕೋಲಿನ 'ಟಣ್' ಸತ್ತು ರಟ್ಟಿನ ಡಬ್ಬ ಬಡಿದ ಹಾಗಾಗುತ್ತದೆ. 20, 30 ಮಿಲಿಸೆಕೆಂಡ್ ಬಿಟ್ಟು ನೋಡಿ, ಪೆಟ್ಟು ಉಳಿಯುತ್ತದೆ.

ನಿಜವಾದ ತಾಪತ್ರಯ ಬೇರೆ. ಸಣ್ಣ ವೇದಿಕೆಯಲ್ಲಿ ಭಾಗವತರ ಮೈಕಿಗೂ ಚೆಂಡೆ ನುಗ್ಗಿರುತ್ತದೆ. ಆ ಮೈಕಿಗೆ ಕಂಪ್ರೆಸರ್ ಬಿಗಿದರೆ ಪ್ರತಿ ಪೆಟ್ಟಿಗೂ ಭಾಗವತರ ದನಿಯೇ ಕುಸಿಯುತ್ತದೆ, ಮತ್ತೆ ಮೇಲೇಳುತ್ತದೆ. ಕೇಳುವವರಿಗೆ ಉಸಿರು ಕಟ್ಟಿದ ಹಾಗೆ. ಅಲ್ಲಿ ಕಂಪ್ರೆಸರಿಗಿಂತ ಕೈಯೇ ವಾಸಿ. ಪದದ, ಅಂದರೆ ಹಾಡಿನ, ಸಾಲು ಸಾಲಿಗೆ ಫೇಡರ್ (ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ) ಏರಿಸಿ ಇಳಿಸಿ. ಬೇಸರದ ಕೆಲಸ, ಒಪ್ಪುತ್ತೇನೆ.

ಇನ್ನೊಂದು ಮೋಸವಿದೆ. ಎರಡು ಮಿಕ್ಸ್‌ಗಳಲ್ಲಿ ಒಂದು ಚೂರು ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಕಂಪ್ರೆಸರ್ ಹಾಕುವ ಮೊದಲು, ಹಾಕಿದ ಮೇಲೆ, ಎರಡನ್ನೂ ಸಮ ಸದ್ದಿಗೆ ತಂದು ಹೋಲಿಸಿ. ಎಷ್ಟೋ ಸಲ ಮೊದಲಿನದೇ ಗೆಲ್ಲುತ್ತದೆ. ಸ್ಪೀಕರನ್ನೂ ತಗ್ಗಿಸಿಯೇ ಕೇಳಿ. ಸದ್ದು ಕಡಿಮೆಯಾದಷ್ಟೂ ಕಿವಿಗೆ ಮಂದ್ರ ಸರಿಯಾಗಿ ಕೇಳುವುದಿಲ್ಲ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಜೋರಾಗಿಟ್ಟಾಗ ಗುಮ್ಮೆನ್ನುವ ಮದ್ದಳೆ, ತಗ್ಗಿಸಿದಾಗ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಹಾಗಂತ ಏರಿಳಿತವನ್ನು ಪೂರ್ತಿ ಹಾಗೇ ಬಿಡಲೂ ಆಗದು. ನಮ್ಮ ಜನ ಕೇಳುವುದು ವಿರಾರ್ ಲೋಕಲಿನಲ್ಲಿ ನೇತಾಡಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು. ಪದ ಮೆಲ್ಲಗೆ ಶುರುವಾದರೆ ಗಾಡಿಯ ಗಡಗಡದಲ್ಲಿ ಮುಳುಗಿಹೋಗುತ್ತದೆ. ಅಷ್ಟನ್ನು ಎತ್ತಿ ಕೊಡಿ. ಅದಕ್ಕಿಂತ ಮುಂದೆ ಹೋಗಿ ಎಲ್ಲವನ್ನೂ ಹಿಂಡಿ ಎಲ್‌ಯುಎಫ್‌ಎಸ್ ಲೆಕ್ಕದಲ್ಲಿ ಮೈನಸ್ 8ಕ್ಕೆ ತಂದರೆ ಲಾಭವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ರ ಸುಮಾರಿಗೆ ಸರಿಹೊಂದಿಸುತ್ತದೆ. ಯೂಟ್ಯೂಬೂ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಕೊನೆಗೆ ನಿಮ್ಮದೂ ಉಳಿದವರಷ್ಟೇ ಸದ್ದು, ಆದರೆ ಚೆಂಡೆಗೆ ಜೀವವಿಲ್ಲ.

ಫೈಲ್ ಕಳಿಸುವಾಗ ಟ್ರೂ ಪೀಕ್, ಅಂದರೆ ಸದ್ದಿನ ನಿಜವಾದ ತುದಿ, ಮೈನಸ್ 1 ಡೆಸಿಬಲಿನ ಕೆಳಗಿರಲಿ. ಎಂಪಿ3 ಥರದ ರೂಪಕ್ಕೆ ಇಳಿಸುವಾಗ ತುದಿಗಳು ಕೊಂಚ ಏರುತ್ತವೆ, ಒಡೆದ ಸದ್ದು ಬರುವುದು ಅಲ್ಲೇ.

ನಮಸ್ಕಾರ.