ನಾಲ್ಕೋ, ಎರಡೋ?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಉಪನ್ಯಾಸ ನನ್ನ ಪಾಲಿಗೆ ಬಂದಿದೆ. ಸಾಂಬಾರಿನ ಘಮ ಇಲ್ಲಿವರೆಗೂ ಬರ್ತಿದೆ, ಹಾಗಾಗಿ ಪೀಠಿಕೆ ಬಿಟ್ಟೆ.

ನಾಡಿದ್ದಿನಿಂದ ನೀವೆಲ್ಲ ಮೌಲ್ಯಮಾಪನಕ್ಕೆ ಕೂರುತ್ತೀರಿ. ‘ವಸ್ತುನಿಷ್ಠವಾಗಿ ಅಂಕ ಕೊಡಿ’ ಅಂತ ಎಲ್ಲರೂ ಹೇಳುತ್ತಾರೆ. ಕೊಡೋಣ. ಹೇಗೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ನನ್ನದೇ ಕತೆ ಕೇಳಿ. ಕೆಲವರು ಮೊದಲೇ ಕೇಳಿದ್ದೀರಿ, ಸಹಿಸಿಕೊಳ್ಳಿ. ಪೂರ್ವಸಿದ್ಧತಾ ಪರೀಕ್ಷೆ. ಐದು ಅಂಕದ ಪ್ರಬಂಧ, ‘ನಮ್ಮೂರ ಸಂತೆ’. ಒಬ್ಬ ಹುಡುಗ ತನ್ನ ಅವ್ವ ಮೆಣಸಿನಕಾಯಿ ಮಾರುವುದನ್ನು ಬರೆದಿದ್ದ. ಅವಳ ತಕ್ಕಡಿಯ ಒಂದು ತಟ್ಟೆ ತುಸು ವಾಲುತ್ತಿತ್ತಂತೆ. ಅದಕ್ಕೆ ಇನ್ನೊಂದು ತಟ್ಟೆಯ ದಾರಕ್ಕೆ ಸಣ್ಣ ಕಲ್ಲು ಕಟ್ಟಿದ್ದಳಂತೆ. ‘ಹಣ’ವನ್ನು ‘ಅಣ’ ಅಂತ, ‘ಅವ್ವ’ನನ್ನು ‘ಹವ್ವ’ ಅಂತ ಬರೆದಿದ್ದ. ಇರಲಿ ಬಿಡು ಅಂದುಕೊಂಡೆ. ಬೆಳಿಗ್ಗೆ, ಆಗಷ್ಟೇ ಕಾಫಿ ಆಗಿತ್ತು. ನಾಲ್ಕು ಕೊಟ್ಟೆ.

ನಮ್ಮಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ‘ನಿಮ್ಮ ಕನ್ನಡದಲ್ಲಿ ಮನಸ್ಸು ಬಂದಷ್ಟು ಅಂಕ ಕಣ್ರೀ’ ಅಂತ ಕಾಲೆಳೆಯುವುದೇ ಅವರ ಕೆಲಸ. ಅವರು ಆ ಪ್ರಬಂಧವನ್ನು ಇನ್ನೊಬ್ಬ ಹುಡುಗನಿಂದ ತಪ್ಪುಗಳ ಸಮೇತ ನಕಲು ಮಾಡಿಸಿ, ಕಾಮರ್ಸ್ ವಿಭಾಗದ ಬಂಡಲಿಗೆ ಸೇರಿಸಿಬಿಟ್ಟರು. ವಾರ ಕಳೆದಿತ್ತು. ಸಂಜೆ ಐದೂವರೆ. ಅದು ನಾನು ಓದುತ್ತಿದ್ದ ತೊಂಬತ್ತನೆಯ ಸಂತೆಯೋ ಏನೋ. ಅಕ್ಷರ ಬೇರೆ ಕೋಳಿ ಕೆದರಿದ ಹಾಗೆ. ಎರಡು ಕೊಟ್ಟೆ.

‘ಇದಕ್ಕೆ ಒಬ್ಬರು ನಾಲ್ಕು ಕೊಟ್ಟಿದ್ದಾರಲ್ಲ’ ಅಂದರು. ‘ಯಾರ್ರೀ ಅದು? ಇಂಥವರಿಂದಲೇ ಕನ್ನಡ ಹಾಳಾಗಿದ್ದು!’ ಅಂತ ಹತ್ತು ನಿಮಿಷ ಬೈದೆ. ಅವರು ಸುಮ್ನೆ ಮೊದಲ ಪತ್ರಿಕೆ ಮುಂದಿಟ್ಟರು. ಕೆಂಪು ಶಾಯಿಯಲ್ಲಿ ನನ್ನದೇ ಸಹಿ.

ಎರಡು ಸಲವೂ ನಾನು ಮೋಸ ಮಾಡಿರಲಿಲ್ಲ. ಬೆಳಿಗ್ಗೆ ತಕ್ಕಡಿ ಕಂಡಿತ್ತು, ಸಂಜೆ ಕಾಗುಣಿತ ಕಂಡಿತು. ಆದರೆ ಯಾವುದಕ್ಕೆ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ನಾನು ಬಡಕೊಳ್ಳುವುದು ಇಷ್ಟೇ: ಕಾರಣ ಬರೆಯಿರಿ. ಬರೆದರೆ ಇನ್ನೊಬ್ಬರು ಜಗಳಕ್ಕಾದರೂ ಬರಬಹುದು. ಬರೀ ‘2’ರ ಜೊತೆ ಏನು ಜಗಳ ಆಡ್ತೀರಿ?

ಗಣಿತದವರು ನಗುತ್ತಿದ್ದೀರಿ. 1912ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೇನಿಯಲ್ ಸ್ಟಾರ್ಚ್, ಎಡ್ವರ್ಡ್ ಎಲಿಯಟ್ ಎಂಬಿಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಶಾಲೆಶಾಲೆಗೆ ಕಳಿಸಿದರು. 142 ಶಿಕ್ಷಕರು ತಿದ್ದಿದರು. ನೂರಕ್ಕೆ 64ರಿಂದ 98ರವರೆಗೆ ಅಂಕ ಬಂತು. ಭಾಷೆಯ ಹಣೆಬರಹವೇ ಇಷ್ಟು ಅಂದವರಿಗಾಗಿ ಮುಂದಿನ ವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಒಬ್ಬರು 28 ಕೊಟ್ಟರು, ಇನ್ನೊಬ್ಬರು 90 ದಾಟಿಸಿದರು! ಕೆಲವರು ಪತ್ರಿಕೆ ಚೊಕ್ಕಟವಾಗಿಲ್ಲ ಅಂತ ಅಂಕ ಕಳೆದಿದ್ದರು, ಕೆಲವರು ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ನಮ್ಮ ಮೇಷ್ಟ್ರಿಗೆ ಇದನ್ನು ಓದಿ ಹೇಳಿದ ದಿನ ಕಾಫಿ ಅವರೇ ಕೊಡಿಸಿದರು.

ಹಾಗಾದರೆ ಎಲ್ಲಾ ಓಎಂಆರ್, ಅಂದರೆ ವೃತ್ತ ತುಂಬಿದ ಹಾಳೆಯನ್ನು ಯಂತ್ರವೇ ತಿದ್ದುವ ಪರೀಕ್ಷೆ, ಮಾಡಿಬಿಡಿ ಅಂತೀರಿ. ಯಂತ್ರಕ್ಕೆ ಸಂಜೆಯಾಗುವುದಿಲ್ಲ, ನಿಜ. ಆದರೆ ಕೀ ಉತ್ತರ ಬರೆದವರು ನಮ್ಮ ನಿಮ್ಮಂಥವರೇ. ಅದಕ್ಕೇ ಆಕ್ಷೇಪಣೆ ಕರೆಯುತ್ತಾರೆ. ಅಲ್ಲೂ ಅದೇ, ಕಾರಣ ಬರೆಯಿರಿ.

ಇನ್ನು ಕೆಲವರು ಎಲ್ಲವೂ ಅವರವರ ಅಭಿಪ್ರಾಯ, ಸರಿ ತಪ್ಪು ಅಂತೇನಿಲ್ಲ ಅಂತಾರೆ. ಇದನ್ನು ಒಪ್ಪಲ್ಲ. ಆ ತಾಯಿಯ ತಕ್ಕಡಿ ವಾಲುತ್ತಿದ್ದದ್ದು ಅವಳ ಅಭಿಪ್ರಾಯ ಅಲ್ಲ. ಎಷ್ಟು ವಾಲುತ್ತೆ ಅಂತ ನೋಡಿಯೇ ಕಲ್ಲು ಕಟ್ಟಿದ್ದಳು.

ಚೀಟಿ ಬಂತು, ಎರಡೇ ನಿಮಿಷವಂತೆ. ಅಕ್ಷರದ ಅಂದಕ್ಕೆ ಮೋಸ ಹೋಗುವುದರ ಬಗ್ಗೆ ಹೇಳಬೇಕಿತ್ತು, ಬಿಟ್ಟೆ. ಒಂದು ಮಾತ್ರ: ಬೆಳಿಗ್ಗೆಯ ಮೊದಲ ಐದು ಪತ್ರಿಕೆಗಳನ್ನು ಸಂಜೆ ಇನ್ನೊಮ್ಮೆ ತೆರೆದು ನೋಡಿ.

ಆ ಹುಡುಗನಿಗೆ ಕೊನೆಗೆ ಎಷ್ಟು ಕೊಟ್ಟಿರಿ ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಮೂರೂವರೆ. ಆ ಅರ್ಧಕ್ಕೂ ಗಣಿತದ ಮೇಷ್ಟ್ರು ನನ್ನ ಕೈಲಿ ಕಾರಣ ಬರೆಸಿದರು.