ಮಳೆ ಲೆಕ್ಕ ತಪ್ಪಿದ್ದು ಯಾಕೆ?

ಕೇಳುಗರೇ, ನಮಸ್ಕಾರ.

ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರು ಹಿಡಿದೇ ಕರೆಯುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ' ಎಂಬ ಗಾದೆ ನೀವೂ ಕೇಳಿರುತ್ತೀರಿ. ಯಾವ ಮಳೆಗೆ ಹದ ಮಾಡಬೇಕು, ಯಾವ ಮಳೆಗೆ ಬಿತ್ತಬೇಕು ಎಂಬುದಕ್ಕೆಲ್ಲ ಒಂದು ಲೆಕ್ಕ ಇತ್ತು. ಈಗ ಯಾವ ಊರಿನ ಕಟ್ಟೆ ಮೇಲೆ ಕೂತರೂ ಒಂದೇ ದೂರು, ಮಳೆ ಲೆಕ್ಕ ತಪ್ಪಿದೆ ಅಂತ. ಬಂದರೆ ಹೊಲದ ಮಣ್ಣನ್ನೂ ಹೊತ್ತೊಯ್ಯುತ್ತದೆ. ಹೋದರೆ ವಾರಗಟ್ಟಲೆ ಸುಳಿವೇ ಇರುವುದಿಲ್ಲ.

ಭೂಮಿ ಬಿಸಿಯಾಗುತ್ತಿದೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಟಿವಿಯಲ್ಲಿ ತೋರಿಸುವ ಹಿಮಕರಡಿ. ಅದರ ಕಷ್ಟ ನಿಜವೇ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಪಾಲಿಗೆ ಇದು ಮೊದಲು ನೀರಿನ ಸಮಸ್ಯೆ. ಸೆಖೆಯ ಮಾತು ಆಮೇಲೆ.

ಬಿಸಿ ಏರುವುದು ಯಾಕೆ ಅನ್ನುವುದನ್ನು ಮೊದಲು ನೋಡೋಣ. ಬಿಸಿಲು ಬಿದ್ದು ನೆಲ ಕಾಯುತ್ತದೆ. ಕಾದ ನೆಲ ಆ ಶಾಖವನ್ನು ಮತ್ತೆ ಆಕಾಶದ ಕಡೆಗೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಿನ ಆವಿ ಅದರಲ್ಲಿ ಒಂದಷ್ಟನ್ನು ಹಿಡಿದಿಡುತ್ತವೆ. ಕುರಿಗಾಹಿಯ ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಇದೂ ಹಾಗೆಯೇ. ಈ ಅನಿಲಗಳು ಇರಲೇಬಾರದು ಅಂತಲ್ಲ. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ತೊಂದರೆ ಶುರುವಾಗಿದ್ದು ಅವು ಜಾಸ್ತಿಯಾದಾಗ.

ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೂ ಅಲ್ಲ. 1856ರಲ್ಲೇ ಅಮೆರಿಕದ ಯುನಿಸ್ ಫೂಟ್ ಎಂಬ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆಯೇ ಎಲ್ಲಕ್ಕಿಂತ ಹೆಚ್ಚು ಕಾದಿತ್ತು. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಈ ಅನಿಲ ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಲೆಕ್ಕ ಹಾಕಿಬಿಟ್ಟಿದ್ದರು. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯುತ್ತಾ ಬಂದಿದ್ದಾರೆ. ಆಗ 10 ಲಕ್ಷ ಕಣಗಳಲ್ಲಿ ಸುಮಾರು 315 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಕಾರ್ಖಾನೆಗಳ ಯುಗಕ್ಕೂ ಮೊದಲು ಅದು 280ರ ಸುಮಾರಿನಲ್ಲಿತ್ತು. ಇಷ್ಟು ಚಿಲ್ಲರೆ ಪ್ರಮಾಣದಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಗಾಳಿಯಲ್ಲಿ ಬಹುಪಾಲು ಇರುವ ಸಾರಜನಕ, ಆಮ್ಲಜನಕ ಶಾಖವನ್ನು ಹಿಡಿಯುವುದೇ ಇಲ್ಲ. ಹಿಡಿಯುವ ಕೆಲಸವೆಲ್ಲ ಈ ಚಿಲ್ಲರೆಯದ್ದೇ.

ಇನ್ನು ಮಳೆಗೆ ಬರುತ್ತೇನೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಿನ ಆವಿ ಹಿಡಿದುಕೊಳ್ಳಬಲ್ಲದು. ಅಂದರೆ ನೆಲದಿಂದ, ಕೆರೆಯಿಂದ, ಸಮುದ್ರದಿಂದ ಹೆಚ್ಚು ಹೀರುತ್ತದೆ. ಸುರಿಸುವಾಗಲೂ ಒಮ್ಮೆಲೇ ಜಾಸ್ತಿ ಸುರಿಸುತ್ತದೆ. ನಮ್ಮ ಪಕ್ಕದ ಅರಬ್ಬಿ ಸಮುದ್ರ ಬೇರೆ ಬಿಸಿಯಾಗುತ್ತಿದೆ. ಬರ, ನೆರೆ ಎರಡೂ ಒಂದೇ ಜಿಲ್ಲೆಯಲ್ಲಿ, ಕೆಲವೊಮ್ಮೆ ಒಂದೇ ವರ್ಷದಲ್ಲಿ ಬರುವುದು ಹೇಗೆ ಅಂತ ಆಶ್ಚರ್ಯಪಡುತ್ತೇವಲ್ಲ, ಎರಡಕ್ಕೂ ಬೇರು ಒಂದೇ. ಮಧ್ಯ ಭಾರತದಲ್ಲಿ 1950ರಿಂದ 2015ರವರೆಗೆ ಅತಿ ಭಾರಿ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಎಂದು ವಿಜ್ಞಾನಿಗಳು ಲೆಕ್ಕ ತೆಗೆದಿದ್ದಾರೆ. 2024ರ ಜುಲೈನಲ್ಲಿ ವಯನಾಡಿನಲ್ಲಿ ಗುಡ್ಡ ಜರಿಯಿತಲ್ಲ, ಆ ದಿನದ ಮಳೆ ತಾಪಮಾನ ಏರಿಕೆಯಿಂದಾಗಿ ಶೇ 10ರಷ್ಟು ಹೆಚ್ಚು ಬಿರುಸಾಗಿತ್ತು ಎಂಬ ಅಂದಾಜೂ ಇದೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರನ್ನು ಕೇಳಿ. ಅವರಷ್ಟು ನಿಖರವಾಗಿ ಇದನ್ನು ಹೇಳುವವರು ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬೀಳಬೇಕು. ಬಿದ್ದ ಕೆಲವೇ ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಆಮೇಲೆ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಇಷ್ಟೇ ಅವರ ವರ್ಷದ ಲೆಕ್ಕ. ಈ ಮಳೆ ಕೈಕೊಟ್ಟರೆ ಇಳುವರಿ ಹೋಯಿತು. ಅದಕ್ಕಿಂತ ಕೆಟ್ಟದ್ದು ಜನವರಿಯಲ್ಲಿ ಬರುವ ಮಳೆ. ಗಿಡದಲ್ಲಿ ಹಣ್ಣು ಇರುತ್ತದೆ, ಕಣದಲ್ಲಿ ಬೀಜ ಒಣಗುತ್ತಿರುತ್ತದೆ. ಹಣ್ಣು ಉದುರುತ್ತದೆ, ಬೀಜಕ್ಕೆ ಬೂಷ್ಟು ಬರುತ್ತದೆ. ಅದರ ಜೊತೆಗೆ ಗಿಡ ಹೊತ್ತಲ್ಲದ ಹೊತ್ತಿಗೆ ಹೂ ಬಿಟ್ಟು ಮುಂದಿನ ಬೆಳೆಯನ್ನೂ ಕೆಡಿಸಿಕೊಳ್ಳುತ್ತದೆ. ತೋಟದಲ್ಲಿ ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ತಳಿಯ ಕಾಫಿಗೆ ಹೂಮಳೆ ತಾವೇ ಸುರಿಸಿಕೊಳ್ಳುತ್ತಾರೆ. ಎರಡು ಎಕರೆಯವನಿಗೆ ಕೆರೆ ಎಲ್ಲಿಂದ ಬರಬೇಕು? ಹವಾಮಾನಕ್ಕೆ ಹೊಂದಿಕೊಳ್ಳಿ ಅಂತ ಸಲಹೆ ಕೊಡುವವರು ಈ ಖರ್ಚಿನ ಮಾತನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಹಾಗಂತ ಎಲ್ಲದಕ್ಕೂ ಹವಾಮಾನವನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಅದಕ್ಕೆ ಆ ವರ್ಷದ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಸೊರಗಿಸುವ ವಿದ್ಯಮಾನ ಕೂಡ ಕಾರಣ. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದವು. ಕೆರೆ ಮುಚ್ಚಿ ಬಡಾವಣೆ ಕಟ್ಟಿದ್ದು ಆಕಾಶವಲ್ಲ, ನಾವೇ.

ಇನ್ನೊಂದು ಗೊಂದಲ ಇದೆ. ಓಝೋನ್ ಪದರದ ತೂತಿನಿಂದ ಬಿಸಿಲು ಹೆಚ್ಚಾಗಿದೆ ಅಂತ ಈಗಲೂ ಅನೇಕರು ನಂಬಿದ್ದಾರೆ. ಅದು ಬೇರೆಯೇ ಕಥೆ. ಓಝೋನನ್ನು ಕೆಡಿಸುವ ಅನಿಲಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆ ಪದರ ನಿಧಾನವಾಗಿ ಸುಧಾರಿಸುತ್ತಿದೆ.

ಹಾಗಾದರೆ ಏನು ಮಾಡೋಣ? ಜೂನ್ 5ಕ್ಕೆ ಸಸಿ ನೆಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ನೆಡಿ, ಬೇಡ ಅನ್ನುವುದಿಲ್ಲ. ನೆಟ್ಟ ಮೇಲೆ ನೀರೂ ಹಾಕಿ. ಆದರೆ ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲು, ಎಣ್ಣೆಯನ್ನು ಸುಡುತ್ತಲೇ ಇದ್ದರೆ ಸಸಿಗಳು ಆ ಸಾಲ ತೀರಿಸಲಾರವು. ಸುಡುವುದನ್ನು ಕಡಿಮೆ ಮಾಡುವುದೇ ಮುಖ್ಯ ಕೆಲಸ.

ಮನೆಯಲ್ಲಿ ಆಗುವಂಥದ್ದು ಇದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ವಿದ್ಯುತ್ ಸಾಕಾಗುವ ಮೋಟಾರಿನ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಏಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವ ಬದಲು 24 ಅಥವಾ 26ಕ್ಕೆ ಇಡಬಹುದು, ಅಲ್ವಾ? ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿನಿಂದ ಮೀಥೇನ್ ಹೊರಡುತ್ತದೆ. ನಡುನಡುವೆ ಗದ್ದೆ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಮೀಥೇನೂ ಇಳಿಯುತ್ತದೆ, ನೀರೂ ಉಳಿಯುತ್ತದೆ. ಮಂಡ್ಯ, ಗಂಗಾವತಿ ಕಡೆಯ ರೈತರಿಗೆ ಈ ಮಾತು ಬೇಕು. ಆದರೆ ನಾಲೆಯಲ್ಲಿ ಹೇಳಿದ ಹೊತ್ತಿಗೆ ನೀರು ಬರುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಯಾರಾದರೂ ಗದ್ದೆ ಆರಲು ಬಿಟ್ಟಾರು.

ದೊಡ್ಡ ಬದಲಾವಣೆ ವಿದ್ಯುತ್ತಿನಲ್ಲೇ ಆಗಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಭೂಮಿಯನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ. ಬರದ ನೆಲದಲ್ಲಿ ಕಡಲೆಕಾಯಿ ಬೆಳೆದು ಸೋತವರಿಗೆ ಅದು ಒಳ್ಳೆಯದೇ ಆಯಿತು. ಭೂಮಿಯೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಯಾರು ಕೊಡುತ್ತಾರೆ? ಪಾವಗಡದಂಥ ಪಾರ್ಕುಗಳು ಇನ್ನೂ ಬೇಕು. ಕೂಲಿಯವರ ಪಾಲನ್ನು ಒಪ್ಪಂದದಲ್ಲೇ ಬರೆಯಬೇಕು ಎಂಬ ಹಟವೂ ಬೇಕು.

ಅಮೆರಿಕದವರು ತಲೆಗೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ನಾವು ಸುಮಾರು 2 ಟನ್, ನಾವ್ಯಾಕೆ ಕಡಿಮೆ ಮಾಡಬೇಕು ಅಂತ ಕೇಳುವುದರಲ್ಲಿ ನ್ಯಾಯ ಇದೆ. ಹೆಚ್ಚು ಹೊಣೆ ಅವರದ್ದೇ. ಆದರೆ ಬಿಸಿಲು ಆ ಲೆಕ್ಕ ನೋಡಿ ಬೀಳುವುದಿಲ್ಲ. 2024ರಲ್ಲಿ ಮೊದಲ ಸಲ ಇಡೀ ವರ್ಷದ ಜಾಗತಿಕ ಸರಾಸರಿ, ಕಾರ್ಖಾನೆಗಳಿಗೆ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚಾಯಿತು.

ಬಂದಿರುವ ಬಿಸಿಯನ್ನು ತಡೆದುಕೊಳ್ಳುವುದೂ ಒಂದು ಕೆಲಸ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಸಾವಿರಕ್ಕೂ ಹೆಚ್ಚು ಸಾವುಗಳು ಹೆಚ್ಚುವರಿಯಾಗಿ ಆದವು. ಆ ನಗರ 2013ರಲ್ಲಿ ಬಿಸಿಲಿಗೆಂದೇ ಒಂದು ಯೋಜನೆ ಮಾಡಿಕೊಂಡಿತು. ಮುನ್ನೆಚ್ಚರಿಕೆ ಕೊಡುವುದು, ಕುಡಿಯುವ ನೀರಿನ ಅರವಟ್ಟಿಗೆ, ವೈದ್ಯರಿಗೆ ತರಬೇತಿ, ಬಡವರ ಮನೆಯ ಮಾಡಿಗೆ ಬಿಳಿ ಬಣ್ಣ. ದುಬಾರಿ ತಂತ್ರಜ್ಞಾನ ಏನೂ ಇಲ್ಲ ಅದರಲ್ಲಿ. ನಮ್ಮ ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಒಳ್ಳೆಯದೇ. ಫ್ಯಾನ್ ಕೆಳಗೆ ಕೂರುವವರಿಗೆ ಸಿಗುವ ಈ ಸಮಯ, ಮಧ್ಯಾಹ್ನ ಎರಡಕ್ಕೆ ಕಬ್ಬಿಣದ ಸರಳು ಹೊರುವ ಗಾರೆ ಕೆಲಸದವರಿಗೂ ಸಿಗಬೇಡವೇ? ನಿಮ್ಮ ಊರಿನ ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಬಿಸಿಲಿಗೆ ಏನು ತಯಾರಿ ಇದೆ ಅಂತ ಕೇಳಿ. ಏಪ್ರಿಲ್‌ನಲ್ಲಿ ಕೇಳಿದರೆ ದುಡ್ಡಿಲ್ಲ ಅನ್ನುತ್ತಾರೆ. ಬಜೆಟ್ ಬರೆಯುವ ಜನವರಿ, ಫೆಬ್ರವರಿಯಲ್ಲೇ ಹೋಗಿ ಕೇಳಿ, ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.